ಚಿಮಟಕ್ಕೆ ಹಿಡಿದ ಅಯಸ್ಕಾಂತ

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಅವರ ಆಚೀಚೆ ಕುಳಿತಿರುವ ಹಿರಿಯ ಡಾಕ್ಟರುಗಳೇ, ಇಂದು ಸನ್ಮಾನ ಮಾಡಿಸಿಕೊಂಡು ಹೂವಿನ ಭಾರಕ್ಕೆ ಕತ್ತು ಬಗ್ಗಿಸಿ ಕುಳಿತಿರುವ ನಮ್ಮ ಸ್ಕ್ಯಾನ್ ವಿಭಾಗದ ಹೆಣ್ಣುಮಗಳೇ, ದಾದಿಯರೇ, ವಾರ್ಡುಗಳನ್ನು ಗುಡಿಸಿ ಒರೆಸಿ ಈಗಷ್ಟೇ ಬಂದು ಕುಳಿತಿರುವ ಅಕ್ಕಂದಿರೇ, ಹಿಂದಿನ ಸಾಲಿನಲ್ಲಿ ಊಟದ ಕಡೆಗೆ ಒಂದು ಕಣ್ಣು ಇಟ್ಟಿರುವ ಸಭಿಕರೇ,

ನಿಮ್ಮ ಮನಸ್ಸಿನಲ್ಲಿ ಏಳುತ್ತಿರುವ ಪ್ರಶ್ನೆ ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ವಾಚ್ ರಿಪೇರಿಯವನಿಗೆ ಏನು ಕೆಲಸ? ಗೋಡೆಯ ಗಡಿಯಾರ ನಿಂತಿದೆ ಅಂತ ಕರೆಸಿದರೇ? ನಿಂತಿರುವುದೇನೋ ನಿಜ. ಒಳಗೆ ಬರುವಾಗಲೇ ನೋಡಿದೆ. ಸೆಲ್ಲು ಮುಗಿದಿದೆ, ಅಷ್ಟೇ. ಆದರೆ ನನ್ನನ್ನು ಕರೆಸಿರುವುದು ಅದಕ್ಕಲ್ಲ. ಈ ಮಗಳ ಬಗ್ಗೆ ನಾಲ್ಕು ಮಾತು ಆಡಿ ಅಂದರು. ನಾಲ್ಕು ಮಾತಿನವನಲ್ಲ ನಾನು ಅಂತ ನನ್ನ ಮನೆಯವಳನ್ನು ಕೇಳಿದ್ದರೆ ಹೇಳುತ್ತಿದ್ದಳು. ಎರಡನೆಯ ಸಾಲಿನಲ್ಲೇ ಕುಳಿತಿದ್ದಾಳೆ. ಆಗಲೇ ನನಗೆ ಸನ್ನೆ ಮಾಡುತ್ತಿದ್ದಾಳೆ, ಬೇಗ ಮುಗಿಸಿ ಅಂತ. ಮುಗಿಸುತ್ತೇನೆ ಮಾರಾಯ್ತಿ, ಶುರುವಾದರೂ ಆಗಲಿ.

ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ನನ್ನ ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರು ರಸ್ತೆಯಲ್ಲಿ ನಿಲ್ಲಬೇಕು. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ನನ್ನ ತಲೆಯ ಮೇಲೆ ಹತ್ತಿದಂತೆ ಸದ್ದು. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲೂ ಒಂದೊಂದು ಸಮಯ. ಬಸ್ಸಿಗೆ ಹೊರಟವರು ಬಗ್ಗಿ ನೋಡಿ, "ಯಜಮಾನ್ರೇ, ಇದ್ರಲ್ಲಿ ಯಾವುದು ಸರಿ?" ಅಂತ ಕೇಳುತ್ತಾರೆ. ಯಾವುದೂ ಸರಿಯಲ್ಲ, ಎಲ್ಲ ರೋಗಿಗಳು, ಅದಕ್ಕೇ ಇಲ್ಲಿರುವುದು ಅನ್ನುತ್ತೇನೆ. ಹೀಗೆ ನೋಡಿದರೆ ನಾನೂ ಒಬ್ಬ ಡಾಕ್ಟರೇ ತಾನೆ? ವೇದಿಕೆಯ ಮೇಲಿರುವ ಡಾಕ್ಟರುಗಳು ನಗುತ್ತಿದ್ದಾರೆ. ನಗಿ ಸ್ವಾಮಿ. ನನ್ನ ರೋಗಿಗಳು ವಾಪಸ್ಸು ಬಂದು ನನಗೆ ಎದುರು ಮಾತಾಡುವುದಿಲ್ಲ, ಆ ಸುಖ ನಿಮಗೆಲ್ಲಿದೆ?

ಈ ಹೆಣ್ಣುಮಗಳು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಒಂದು ಪುಟ್ಟ ಕೈಗಡಿಯಾರ ಹಿಡಿದುಕೊಂಡು. ಸೆಲ್ಲಿನದಲ್ಲ, ದಿನಾ ಬೆಳಿಗ್ಗೆ ಕೀ ಕೊಡಬೇಕಾದದ್ದು. ಅವಳ ಸೋದರತ್ತೆ ಶಾಲೆಯಲ್ಲಿ ಮೇಡಂ ಆಗಿದ್ದರಂತೆ. ಆ ವಾಚು ನೋಡಿಯೇ ಶಾಲೆಯ ಗಂಟೆ ಹೊಡೆಸುತ್ತಿದ್ದರಂತೆ. ಅಂಥ ವಾಚು ಈಗ ಓಡುತ್ತಿದೆ, ದಿನಕ್ಕೆ ಅರ್ಧ ಗಂಟೆ ಮುಂದೆ ಹೋಗುತ್ತಿದೆ ಅಂದಳು. ಒಂದು ಚಿಕ್ಕ ದಿಕ್ಸೂಚಿ ತೆಗೆದು ವಾಚಿನ ಪಕ್ಕದಲ್ಲಿಟ್ಟೆ. ಮುಳ್ಳು ಗಡಗಡ ನಡುಗಿತು. ಅಯಸ್ಕಾಂತ ಹಿಡಿದಿದೆ. ಎಲ್ಲಿ ಕೆಲಸ ಅಂತ ಕೇಳಿದೆ. ದೊಡ್ಡಾಸ್ಪತ್ರೆಯಲ್ಲಿ, ಎಂಆರ್‌ಐ ಯಂತ್ರದ ಹತ್ತಿರ ಅಂದಳು.

ಅಲ್ಲಾ, ನೀವೇ ಹೇಳಿ. ಆ ಯಂತ್ರ ಎಂಥದ್ದು? ಒಂದು ಕೋಣೆಯಷ್ಟು ದೊಡ್ಡ ಅಯಸ್ಕಾಂತ. ಕಬ್ಬಿಣದ ಕುರ್ಚಿಯನ್ನೂ ಎಳೆದುಕೊಳ್ಳುವಂಥದ್ದು. ಅದರ ಮುಂದೆ ಕೀ ಕೊಡುವ ವಾಚು ಕಟ್ಟಿಕೊಂಡು ಹೋಗುತ್ತಾರೆಯೇ? ವಾಚಿನ ಒಳಗೆ ತಲೆಗೂದಲಿನಂಥ ಒಂದು ಸ್ಪ್ರಿಂಗು ಸುರುಳಿ ಸುತ್ತಿಕೊಂಡು ಕುಳಿತಿರುತ್ತದೆ. ವಾಚಿನ ಉಸಿರಾಟವೇ ಅದು. ಅಯಸ್ಕಾಂತ ಹಿಡಿದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸ್ಪ್ರಿಂಗು ಗಿಡ್ಡವಾದ ಹಾಗೆ ಆಗುತ್ತದೆ, ವಾಚು ಏದುಸಿರು ಬಿಡುತ್ತಾ ಓಡತೊಡಗುತ್ತದೆ. ಇಷ್ಟನ್ನೂ ಅವಳಿಗೆ ವಿವರಿಸಿ, ತಾಯಿ, ಒಂದೋ ಈ ಕೆಲಸ ಬಿಡು, ಇಲ್ಲ ಈ ವಾಚು ಬಿಡು ಅಂತ ಚೆನ್ನಾಗಿ ಬೈದೆ. ಮೂಗಿನ ಮೇಲೇ ಕೋಪ ನನಗೆ. ಅವಳು ಬೈಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: ಯಂತ್ರದೊಳಗೆ ಮಲಗಿದ್ದ ಅಜ್ಜ ಒಬ್ಬರು ಗಾಬರಿಯಾಗಿ ಕೂಗಿಕೊಂಡರಂತೆ, ಕೈಯಲ್ಲಿ ವಾಚಿದೆ ಎಂಬುದನ್ನೂ ಮರೆತು ಒಳಗೆ ಓಡಿದಳಂತೆ. ಅಜ್ಜನ ಕೈ ಹಿಡಿದುಕೊಂಡು ನಿಂತಷ್ಟು ಹೊತ್ತೂ ವಾಚು ಅಯಸ್ಕಾಂತ ಕುಡಿಯಿತು. ಇದಕ್ಕೆ ಏನು ಬೈಯುವುದು? ವಾಚು ಕೈಗೆ ತೆಗೆದುಕೊಂಡೆ.

ಅಯಸ್ಕಾಂತ ಇಳಿಸುವುದು ಕಷ್ಟವಲ್ಲ. ಒಂದು ಪುಟ್ಟ ಪೆಟ್ಟಿಗೆ, ಅದರೊಳಗೆ ತಂತಿ ಸುತ್ತು, ಕರೆಂಟು. ವಾಚನ್ನು ಅದರ ಮೇಲೆ ಹಿಡಿದು ನಿಧಾನವಾಗಿ ದೂರ ಎಳೆದುಕೊಂಡರೆ ಆಯಿತು. ಬೇರೆಯವರಾದರೆ ಅಷ್ಟಕ್ಕೇ ವಾಚು ಕೊಟ್ಟು ಕಳಿಸುತ್ತಾರೆ. ನಾನು ಹಾಗಲ್ಲ. ತೆರೆದು ನೋಡಬೇಕು, ಸ್ಪ್ರಿಂಗು ಬಿಡಿಸಿಕೊಂಡಿದೆಯೋ ಇಲ್ಲವೋ ಕಣ್ಣಾರೆ ಕಾಣಬೇಕು. ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು, ಚಿಮಟ ಹಿಡಿದು, ಸಾಸಿವೆಗಿಂತ ಚಿಕ್ಕ ಸ್ಕ್ರೂ ಒಂದನ್ನು ಎತ್ತಿದೆ. ಬಿತ್ತು. ಮತ್ತೆ ಎತ್ತಿದೆ. ಮತ್ತೆ ಬಿತ್ತು. ನೋಡಿದೆಯಾ, ನಿನ್ನ ವಾಚಿನ ಅಯಸ್ಕಾಂತ ನನ್ನ ಚಿಮಟಕ್ಕೂ ಹತ್ತಿತು ಅಂದೆ. ಚಿಮಟಕ್ಕೆ ಅಯಸ್ಕಾಂತ ಹಿಡಿದರೆ ಹಾಗೇ ಆಗುತ್ತದೆ ಸ್ವಾಮಿ. ಬೇಡವೆಂದಾಗ ಸ್ಕ್ರೂ ಅಂಟಿಕೊಳ್ಳುತ್ತದೆ, ಬೇಕೆಂದಾಗ ಓರೆಯಾಗಿ ತಿರುಗಿ ಜಾರುತ್ತದೆ. ಯಾವ ವಾಚಿನವನನ್ನು ಬೇಕಾದರೂ ಕೇಳಿ. ಚಿಮಟವನ್ನೂ ಪೆಟ್ಟಿಗೆಯ ಮೇಲೆ ಹಾಯಿಸಿ, ಹಾಗೂ ಹೀಗೂ ಕೆಲಸ ಮುಗಿಸಿ ಕಳಿಸಿದೆ. ಅವಳು ಅಂಗಡಿಯ ಮುಂದೆ ನಿಂತು ಎಲ್ಲ ನೋಡುತ್ತಿದ್ದಳು.

ಇಲ್ಲಿ ನಿಮಗೆ ನನ್ನ ತಂದೆಯವರ ವಿಷಯ ಸ್ವಲ್ಪ ಹೇಳಬೇಕು. ಮನೆಯವಳು ಮತ್ತೆ ಸನ್ನೆ ಮಾಡುತ್ತಿದ್ದಾಳೆ, ಇರಲಿ. ಆ ಅಂಗಡಿ, ಆ ಚಿಮಟ, ಆ ಲೆನ್ಸು ಎಲ್ಲ ಅವರದೇ. ಅವರ ಕೈ ಎಂಥದ್ದು ಅಂತೀರಿ! ಮೇಲೆ ಮೆಟ್ಟಿಲಲ್ಲಿ ಅಲಮಾರು ಸಾಗಿಸುತ್ತಿದ್ದರೂ ಕೆಳಗೆ ಅವರ ಚಿಮಟದ ತುದಿ ಅಲುಗುತ್ತಿರಲಿಲ್ಲ. ಅಂಥವರು ಕಡೆಕಡೆಗೆ ಗಿರಾಕಿಗಳ ಮೇಲೆ ರೇಗತೊಡಗಿದರು. ಬೆಳಕು ಸಾಲದು ಅನ್ನುವರು, ಬಸ್ಸುಗಳು ಹೋಗಿ ಬಂದು ಮೇಜು ಅದುರುತ್ತದೆ ಅನ್ನುವರು, ಈಗಿನ ಸ್ಕ್ರೂಗಳೇ ಸರಿಯಿಲ್ಲ ಅನ್ನುವರು. ಒಂದು ದಿನ ಚಿಮಟವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮುಂದಿಟ್ಟು, "ಇನ್ನು ನೀನೇ ನೋಡ್ಕೋ" ಅಂದರು. ಆಮೇಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮನೆಯ ಕಿಟಕಿಯ ಬಳಿ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿರುತ್ತಿದ್ದರು. ಏನಾಯಿತು ಅಂತ ನಾವು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ವಯಸ್ಸಾಯಿತು ಅಂದುಕೊಂಡೆವು.

ಈ ಮಾತನ್ನು ಏಕೆ ಹೇಳಿದೆ ಅಂದರೆ... ಏಕೋ ಹೇಳಿದೆ. ಮುಂದಕ್ಕೆ ಹೋಗೋಣ.

ಅದೇ ದಿನಗಳಲ್ಲಿ ನನ್ನ ಮನೆಯವಳಿಗೆ ಮಂಡಿ ನೋವು ಬಂತು. ಇದೇ ಆಸ್ಪತ್ರೆಗೆ ಬಂದು ಸ್ಕ್ಯಾನ್ ಮಾಡಿಸಿಕೊಂಡು ಹೋದಳು. ನನಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ಅಲ್ಲಿ ಒಬ್ಬಳು ತುಂಬ ಒಳ್ಳೆಯ ಹುಡುಗಿ ಇದ್ದಾಳೆ, ಕಿವಿಯ ಓಲೆ ಬಿಚ್ಚಿಸಿ ತಾನೇ ಜೋಪಾನ ಮಾಡಿ ಇಟ್ಟಳು, ಬಹಳ ಹೊತ್ತು ಮಾತಾಡಿದೆವು ಅಂತ ಬಂದು ಹೇಳಿದಳು. ಹೆಂಗಸರು ಮಾತಾಡುವುದರಲ್ಲಿ ಏನು ವಿಶೇಷ ಅಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಸಂಗತಿಯೆಂದರೆ, ಆ ಹೊತ್ತಿಗೆ ನನ್ನ ಅಂಗಿಗಳಿಗೆಲ್ಲ ಗುಂಡಿ ಹೋಗಿ ಒತ್ತುವ ಗುಂಡಿ ಬಂದಿತ್ತು. ಟಕ್ ಟಕ್ ಅಂತ ಒತ್ತಿದರೆ ಕೂತುಬಿಡುತ್ತದಲ್ಲ, ಆ ಪ್ಲಾಸ್ಟಿಕ್ಕಿನದು. ಇವಳು ಒಂದೊಂದೇ ಅಂಗಿ ತೆಗೆದುಕೊಂಡು ಗುಂಡಿ ಕಿತ್ತು ಅದನ್ನು ಹೊಲಿದಿದ್ದಳು. ಏನೇ ಇದು ಅಂದರೆ, "ಈಗ ಎಲ್ಲರೂ ಇದೇ ಹಾಕ್ಕೋತಾರೆ ರೀ" ಅಂದಳು. ಹೊಸ ಫ್ಯಾಷನ್ನು ಅಂತ ನಾನೂ ಸ್ವಲ್ಪ ಎದೆಯುಬ್ಬಿಸಿಕೊಂಡು ಓಡಾಡಿದೆ. ಗುಂಡಿ ಹಾಕಿಕೊಳ್ಳುವುದು ತಡವಾಗುತ್ತಿದ್ದದ್ದೂ ನಿಜ.

ಆಮೇಲೆ ಈ ಮಗಳು ಮತ್ತೆ ಬಂದಳು. ಅದೇ ವಾಚು, ಅದೇ ಓಟ. ದಿಕ್ಸೂಚಿ ಇಟ್ಟರೆ ಮತ್ತೆ ಅದೇ ನಡುಕ. ಮತ್ತೆ ಬೈದೆ. ಮತ್ತೆ ತೆರೆದೆ. ಮತ್ತೆ ಸ್ಕ್ರೂ ಬಿತ್ತು. ಮತ್ತೆ ಚಿಮಟಕ್ಕೆ ಶಾಪ ಹಾಕಿದೆ. ಕೆಲವು ದಿನ ಬಿಟ್ಟು ಮತ್ತೆ ಬಂದಳು. ಇಂಥ ಮರೆಗುಳಿಯನ್ನು ಆಸ್ಪತ್ರೆಯವರು ಹೇಗೆ ಇಟ್ಟುಕೊಂಡಿದ್ದಾರೋ, ರೋಗಿಯನ್ನು ಯಂತ್ರದೊಳಗೆ ಮಲಗಿಸಿ ಮನೆಗೆ ಹೋಗಿಬಿಟ್ಟರೆ ಏನು ಗತಿಯೋ ಅಂತ ಮನೆಯಲ್ಲಿ ಹೇಳಿಕೊಂಡು ನಕ್ಕೆ. ಮನೆಯವಳು ನಗಲಿಲ್ಲ.

ಅವಳೊಬ್ಬಳ ವಾಚಾದರೆ ಸರಿ. ಆದರೆ ಸಭಿಕರೇ, ಬೇರೆಯವರ ವಾಚಿನ ಸ್ಕ್ರೂಗಳೂ ಬೀಳತೊಡಗಿದ್ದವು. ನಾನು ದಿನವೂ ಚಿಮಟವನ್ನು ಪೆಟ್ಟಿಗೆಯ ಮೇಲೆ ಹಾಯಿಸುತ್ತಿದ್ದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಅಂಗಡಿಯ ಬಾಗಿಲು ಕಬ್ಬಿಣದ್ದು, ಅದಕ್ಕೇ ಅಯಸ್ಕಾಂತ ಹಿಡಿದಿರಬಹುದೇ ಅಂತ ದಿಕ್ಸೂಚಿ ಹಿಡಿದು ಬಾಗಿಲಿನ ಉದ್ದಕ್ಕೂ ತಡಕಿದೆ. ಎದುರಿನ ಚಹಾದ ಅಂಗಡಿಯವರು ನನಗೆ ಏನೋ ಆಗಿದೆ ಅಂದುಕೊಂಡರು. ಸೂಕ್ಷ್ಮ ಕೆಲಸಗಳನ್ನು ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ಮುಂದೂಡುತ್ತಾ ಬಂದೆ. ಬರೀ ಸೆಲ್ಲು ಬದಲಾಯಿಸುವುದು, ಪಟ್ಟಿ ಹಾಕುವುದು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಕಿಟಕಿಯ ಬಳಿ ಕುಳಿತ ಅಪ್ಪನ ಕೈ. ಭಯವಾಗುತ್ತಿತ್ತು. ಹೇಳಿಕೊಳ್ಳುವುದು ಯಾರ ಹತ್ತಿರ? ಹೇಳಿಕೊಂಡರೆ ಅದು ನಿಜವಾಗಿಬಿಡುತ್ತದಲ್ಲ. ಅದಕ್ಕಿಂತ ಅಯಸ್ಕಾಂತವೇ ವಾಸಿ. ಅಯಸ್ಕಾಂತವಾದರೆ ಇಳಿಸಬಹುದು.

ಕೊನೆಯ ಸಲ ಅವಳು ಬಂದದ್ದು ಮಟಮಟ ಮಧ್ಯಾಹ್ನ. ವಾಚಿನ ಜೊತೆಗೆ ಒಂದು ಕಾಗದದ ಪೊಟ್ಟಣವನ್ನೂ ನನ್ನ ಮುಂದಿಟ್ಟಳು. ಬಿಚ್ಚಿದರೆ ಒಂದು ಹೊಸ ಚಿಮಟ. ಬೂದು ಬಣ್ಣ, ಹಗುರ, ತುದಿ ಮಾತ್ರ ಸೂಜಿಯಂಥದ್ದು. ಟೈಟಾನಿಯಂ ಎಂಬ ಲೋಹವಂತೆ. ಇದನ್ನು ನಮ್ಮ ಯಂತ್ರದ ಬಾಯಿಗೇ ಹಿಡಿದರೂ ಅಯಸ್ಕಾಂತ ಹತ್ತುವುದಿಲ್ಲ ಅಂದಳು. ಆಮೇಲೆ ಆಡಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ.

"ಸ್ಕ್ರೂನೂ ನಿಮ್ಮ ಪೆಟ್ಟಿಗೆ ಮೇಲೆ ಹಾಯಿಸಿಬಿಡಿ ಯಜಮಾನ್ರೇ. ಆಮೇಲೆ ಇದ್ರಲ್ಲಿ ಎತ್ತಿ ನೋಡಿ."

ವಾಚು ತೆರೆದು, ಸ್ಕ್ರೂ ಬಿಚ್ಚಿ, ಹಾಯಿಸಿದೆ. ದಿಕ್ಸೂಚಿ ಇಟ್ಟು ನೋಡಿದೆ, ಮುಳ್ಳು ಮಿಸುಕಲಿಲ್ಲ. ಲೆನ್ಸು ಹಾಕಿಕೊಂಡೆ. ಹೊಸ ಚಿಮಟದಲ್ಲಿ ಸ್ಕ್ರೂ ಹಿಡಿದೆ. ಮೇಜಿನಿಂದ ಒಂದು ಬೆರಳು ಮೇಲೆ ಎತ್ತಿದೆ. ಬಿತ್ತು. ಟಣ್ ಅಂತ ಅಷ್ಟು ಸಣ್ಣ ಸದ್ದು. ಮೇಜು ಅಲುಗಿತು ಅಂದೆ. ಇನ್ನೊಮ್ಮೆ ಎತ್ತಿದೆ. ಇನ್ನೊಮ್ಮೆ ಬಿತ್ತು, ಈ ಸಲ ನೆಲಕ್ಕೆ. ಬಸ್ಸು ಹೋಯಿತು, ಮೇಜು ಅಲುಗಿತು ಅಂದೆ.

"ಮೇಜು ಅಲುಗ್ಲಿಲ್ಲ ಯಜಮಾನ್ರೇ. ಆಗಿಂದ ನಾನು ಮೇಜಿನ ಮೇಲೆ ಕೈ ಇಟ್ಕೊಂಡೇ ಇದ್ದೀನಿ."

ನೋಡಿದರೆ ನಿಜ. ಅಂಗೈ ಅಗಲಿಸಿ ಮೇಜಿನ ಮೇಲೆ ಇಟ್ಟಿದ್ದಳು. ಬೈಯಲು ಬಾಯಿ ತೆರೆದೆ, ಬೈಯಲು ಯಾರೂ ಉಳಿದಿರಲಿಲ್ಲ. ಅಯಸ್ಕಾಂತ ಇಲ್ಲ, ಮೇಜು ಇಲ್ಲ, ಬಸ್ಸು ಇಲ್ಲ. ನನ್ನ ಕೈ ಮಾತ್ರ ಇತ್ತು. ಅಂಗಡಿ ಮುಚ್ಚುವ ಹೊತ್ತಾಯಿತು ಅಂದೆ. ನಡು ಮಧ್ಯಾಹ್ನ! ಅವಳು ನಗಲೂ ಇಲ್ಲ, ಕನಿಕರವನ್ನೂ ತೋರಿಸಲಿಲ್ಲ. ನೆಲದ ಮೇಲೆ ಬಗ್ಗಿ, ಹುಡುಕಿ, ಆ ಸ್ಕ್ರೂ ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಕೈ ಹೀಗಾಗುವುದಕ್ಕೆ ಕಾರಣ ಎಷ್ಟೋ ಸಲ ಕೈಯಲ್ಲೇ ಇರುವುದಿಲ್ಲ, ಡಾಕ್ಟರು ನೋಡಿ ಹೇಳಬೇಕು, ನೋಡದೆ ಯಾರಿಗೂ ಗೊತ್ತಾಗುವುದಿಲ್ಲ ಅಂದಳು. "ನಾಳೆ ಬನ್ನಿ. ಬಾಗಿಲಲ್ಲಿ ನಾನೇ ಇರ್ತೀನಿ."

ಆ ಸಂಜೆ ಮನೆಗೆ ಹೋಗಿ ಮನೆಯವಳ ಮುಂದೆ ಕುಳಿತೆ. ಕೈ ಕೈಕೊಡುತ್ತಿದೆ ಕಣೇ ಅಂದೆ. ಅವಳು ಗಾಬರಿ ಬೀಳುತ್ತಾಳೆ, ಅಳುತ್ತಾಳೆ, ಹೇಗೆ ಸಮಾಧಾನ ಮಾಡಲಿ ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅವಳು ಏನೆಂದಳು ಗೊತ್ತೇ?

"ಗೊತ್ತು. ನಾಳೆ ಯಾವ ಅಂಗಿ ಹಾಕ್ಕೊಂಡು ಹೋಗ್ತೀರಿ?"

ಅಷ್ಟೇ. ಆಗ ನನಗೆ ಒತ್ತುವ ಗುಂಡಿಗಳ ಅರ್ಥವಾಯಿತು. ಹೊಸ ಫ್ಯಾಷನ್ನು ಅಂದುಕೊಂಡಿದ್ದೆನಲ್ಲ!

ಇಲ್ಲಿ ಬಂದೆ. ಡಾಕ್ಟರು ಕೈ ನೋಡಿದರು, ಕತ್ತು ನೋಡಿದರು, ಮೊಣಕಾಲಿಗೆ ಸುತ್ತಿಗೆಯಲ್ಲಿ ಕುಟ್ಟಿದರು, ಸ್ಕ್ಯಾನಿಗೆ ಬರೆದರು. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಇವಳು ನಿಂತಿದ್ದಳು, ಕೈಯಲ್ಲಿ ಮರದ ಪೆಟ್ಟಿಗೆ. ನನ್ನ ವಾಚು ಬಿಚ್ಚಿಸಿದಳು, ಬೀಗದ ಕೈ ತೆಗೆಸಿದಳು, ಬೆಲ್ಟು ತೆಗೆಸಿದಳು. ನಾನು ತಿಳಿದವನಂತೆ ಎಲ್ಲ ತೆಗೆದು ಒಳಗೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಜೇಬು ಮುಟ್ಟಿ ನೋಡಿದಳು. ಒಳಗೆ ಅಪ್ಪನ ಸ್ಟೀಲಿನ ಚಿಮಟ! ಯಾವಾಗ ಇಟ್ಟುಕೊಂಡಿದ್ದೆನೋ ದೇವರೇ ಬಲ್ಲ. ಎಲ್ಲರಿಗೂ ಅಯಸ್ಕಾಂತದ ಪಾಠ ಹೇಳುವ ನಾನು ಆ ದಿನ ಆ ಹುಡುಗಿಯ ಕೈಯಲ್ಲಿ ಬೈಸಿಕೊಂಡೆ. ಬೈಯಲು ಅವಳಿಗೂ ಚೆನ್ನಾಗಿ ಬರುತ್ತದೆ.

ಆ ಯಂತ್ರದೊಳಗೆ ಮಲಗಿದವರಿಗೆ ಗೊತ್ತು. ಢಣ ಢಣ, ಕಟ ಕಟ, ತಲೆಯ ಮೇಲೆ ಸುತ್ತಿಗೆ ಬಡಿದ ಹಾಗೆ. ಅಲುಗಬಾರದು ಅಂದಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಆ ಬಡಿತ ಕೇಳುತ್ತಾ ಮಲಗಿದೆ. ಲಯ ತಪ್ಪುತ್ತದೇನೋ ಅಂತ ಕಾದೆ. ತಪ್ಪಲಿಲ್ಲ. ಒಳ್ಳೆಯ ಯಂತ್ರ, ಎಲ್ಲೋ ಸ್ವಲ್ಪ ಎಣ್ಣೆ ಬೇಕು ಅನ್ನಿಸಿತು. ಹೊರಗೆ ಬಂದ ಮೇಲೆ ಹಾಗೆಂದು ಹೇಳಿದೆ. ಇವಳು ಬಿದ್ದು ಬಿದ್ದು ನಕ್ಕಳು.

ಕತ್ತಿನಲ್ಲಿತ್ತು ತೊಂದರೆ. ಬೆನ್ನೆಲುಬಿನ ಮೇಲುಗಡೆ ಎಲ್ಲೋ ಮೂಳೆ ಬೆಳೆದು ನರವನ್ನು ಒತ್ತಿಕೊಂಡಿತ್ತಂತೆ. ಜೀವನವೆಲ್ಲ ಕತ್ತು ಬಗ್ಗಿಸಿ ಕುಳಿತವನ ಕತ್ತು. ಡಾಕ್ಟರು ಬೆಳಕಿಗೆ ಹಿಡಿದ ಚಿತ್ರದಲ್ಲಿ ಬೆರಳಿಟ್ಟು ತೋರಿಸಿದರು. ಈಗಲೇ ಬಂದದ್ದು ಒಳ್ಳೆಯದಾಯಿತು, ಇನ್ನಷ್ಟು ತಡವಾಗಿದ್ದರೆ ಕೈ ಮರಳಿ ಬರುತ್ತದೆ ಅಂತ ಹೇಳಲಾಗುತ್ತಿರಲಿಲ್ಲ ಅಂದರು. ನನಗೆ ಸಂತೋಷವಾಗಬೇಕು ತಾನೆ? ಆಯಿತು. ಆದರೆ ಅದಕ್ಕೂ ಮೊದಲು ಅಪ್ಪನ ನೆನಪಾಯಿತು. ಅವರಿಗೂ ಇದೇ ಇತ್ತೋ ಏನೋ. ಅವರ ಕತ್ತನ್ನು ಯಾರೂ ನೋಡಲಿಲ್ಲ. ಅವರ ಮೇಜಿನ ಮೇಲೆ ಯಾರೂ ಕೈ ಇಡಲಿಲ್ಲ. ಅಲ್ಲೇ ಡಾಕ್ಟರ ಕೋಣೆಯಲ್ಲಿ ಕುಳಿತು ಅತ್ತುಬಿಟ್ಟೆ. ಅವರು ಆಪರೇಷನ್ನಿಗೆ ಹೆದರಿದೆ ಅಂದುಕೊಂಡು ಬಹಳ ಧೈರ್ಯ ಹೇಳಿದರು. ಇಲ್ಲೇ ಕುಳಿತಿದ್ದಾರೆ, ಇವತ್ತು ತಿಳಿಯಲಿ ಅಂತ ಹೇಳುತ್ತಿದ್ದೇನೆ.

ಆಪರೇಷನ್ ಆಯಿತು. ಮಕ್ಕಳಂತೆ ಮೆತ್ತನೆಯ ಚೆಂಡು ಹಿಸುಕುವುದು, ಕಾಳು ಆರಿಸುವುದು, ದಾರಕ್ಕೆ ಮಣಿ ಪೋಣಿಸುವುದು ಎಲ್ಲ ಮಾಡಿಸಿದರು. ಕೈ ಒಮ್ಮೆಲೇ ಬರಲಿಲ್ಲ. ಕೆಲವು ದಿನ ಬಂದೇ ಬಿಟ್ಟಿತು ಅನ್ನಿಸುವುದು, ಮರುದಿನ ಚಮಚ ಬೀಳುವುದು. ನಾನು ರೇಗುವುದು, ಮನೆಯವಳು ಚಮಚ ತೊಳೆದು ಮತ್ತೆ ಕೈಗೆ ಕೊಡುವುದು.

ಇನ್ನು ಮುಗಿಸುತ್ತಿದ್ದೆ. ಆದರೆ ಸಭಿಕರೇ, ಸಮಾರಂಭಕ್ಕೆ ಮುಂಚೆ ಚಹಾ ಕುಡಿಯುವಾಗ ಸ್ಕ್ಯಾನ್ ವಿಭಾಗದ ಮುಖ್ಯಸ್ಥರು ಒಂದು ಮಾತು ಹೇಳಿದರು. ಅಂದು ಆ ಅಜ್ಜನಿಗಾಗಿ ಓಡಿ ವಾಚು ಕೆಡಿಸಿಕೊಂಡಳಲ್ಲ, ಮರುದಿನವೇ ಇವಳು ಬಾಗಿಲ ಬಳಿ ಆ ಮರದ ಪೆಟ್ಟಿಗೆ ಇಡಿಸಿದಳಂತೆ. ಡಾಕ್ಟರಿರಲಿ, ದಾದಿಯಿರಲಿ, ಎಂಥ ಅವಸರವೇ ಇರಲಿ, ಇವಳ ಕಣ್ಣು ತಪ್ಪಿಸಿ ಒಂದು ಪಿನ್ನೂ ಒಳಗೆ ಹೋಗುವುದಿಲ್ಲವಂತೆ. ಎಲ್ಲಕ್ಕಿಂತ ಮೊದಲು ಆ ಪೆಟ್ಟಿಗೆಗೆ ಬೀಳುವುದು ಇವಳದೇ ವಾಚಂತೆ. ಈ ಸನ್ಮಾನ ಅದಕ್ಕೇ ಅಂತೆ. ನಾನು ಹೌದು ಹೌದು ಅಂತ ತಲೆ ಆಡಿಸಿ ಬಿಸ್ಕತ್ತು ತಿಂದೆ. ಆಗ ಹೊಳೆಯಲಿಲ್ಲ. ಈಗ, ಇಲ್ಲಿ ನಿಂತು ನಿಮಗೆ ಕಥೆ ಹೇಳುತ್ತಾ ಹೇಳುತ್ತಾ ಹೊಳೆಯುತ್ತಿದೆ.

ಅಲ್ಲಮ್ಮಾ, ಮೊದಲನೆಯ ಸಲ ಸರಿ. ಆಮೇಲೆ ನಿನ್ನ ವಾಚು ಒಳಗೇ ಹೋಗಲಿಲ್ಲ ಅಂದರೆ, ಮತ್ತೆ ಮತ್ತೆ ಅಯಸ್ಕಾಂತ ಹಿಡಿದದ್ದು ಎಲ್ಲಿಂದ?

ನೋಡಿ, ನೋಡಿ, ನಗುತ್ತಿದ್ದಾಳೆ. ಕೈಚೀಲ ಎತ್ತಿ ತೋರಿಸುತ್ತಿದ್ದಾಳೆ. ಕಂಡಿತೇ ನಿಮಗೆ? ಚೀಲದ ಬಾಯಿ ಟಪ್ ಅಂತ ಮುಚ್ಚಿಕೊಳ್ಳುವುದಕ್ಕೆ ಅಯಸ್ಕಾಂತ ಹಾಕಿರುತ್ತಾರಲ್ಲ, ಅದು! ಅದಕ್ಕೆ ವಾಚು ತಾಗಿಸಿ ತಾಗಿಸಿ ತಂದಿದ್ದಾಳೆ. ನಾನು ಅವಳನ್ನು ಮರೆಗುಳಿ ಅಂತ ಬೈಯುತ್ತಿದ್ದರೆ, ಅವಳು ಲೆನ್ಸಿನ ಆಚೆ ನಿಂತು ನನ್ನ ಕೈ ನೋಡುತ್ತಿದ್ದಾಳೆ. ಸೋದರತ್ತೆಯ ವಾಚನ್ನು ಬೇಕೆಂದೇ ಕಾಯಿಲೆ ಬೀಳಿಸಿಕೊಂಡು ಬಂದು! ಮತ್ತೆ ಎರಡನೆಯ ಸಾಲಿನಲ್ಲಿ ನನ್ನ ಮನೆಯವಳು ಏಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಾಳೆ? ಓಹೋ. ಮಂಡಿ ಸ್ಕ್ಯಾನಿಗೆ ಬಂದ ದಿನ ಬಹಳ ಹೊತ್ತು ಮಾತಾಡಿದೆವು ಅಂದದ್ದು ಇದೇ ಏನು? ತಲೆ ಆಡಿಸುತ್ತಿದ್ದಾಳೆ. ಇಷ್ಟು ದಿನ ಒಂದೇ ಮನೆಯಲ್ಲಿದ್ದು ಉಸಿರು ಬಿಡಲಿಲ್ಲವಲ್ಲೇ! ಹೆಂಡತಿ ಹೇಳಿದರೆ ಈ ಮನುಷ್ಯ ಕೇಳುವವನಲ್ಲ, ವಾಚು ಹೇಳಿದರೆ ಕೇಳುತ್ತಾನೆ ಅಂತ ಇಬ್ಬರೂ ಸೇರಿ ಲೆಕ್ಕ ಹಾಕಿದ್ದೀರಿ. ಸರಿಯಾಗಿಯೇ ಹಾಕಿದ್ದೀರಿ. ನಾನು ಕೇಳುತ್ತಿರಲಿಲ್ಲ.

ಅಧ್ಯಕ್ಷರು ತಮ್ಮ ವಾಚು ನೋಡಿಕೊಳ್ಳುತ್ತಿದ್ದಾರೆ. ಸ್ವಾಮಿ, ತಮ್ಮದು ಸ್ವಲ್ಪ ಮುಂದೆ ಓಡುತ್ತಿದೆ, ನಾಳೆ ಅಂಗಡಿಗೆ ತನ್ನಿ.

ಮಗಳೇ, ಇಲ್ಲಿ ಬಾ. ಇಗೋ ನಿನ್ನ ವಾಚು. ಆಪರೇಷನ್ನಿಗೆ ಮೊದಲು ಬಿಚ್ಚಿ ಹಾಗೇ ಬಿಟ್ಟಿದ್ದೆ, ನೀನು ಒಮ್ಮೆಯೂ ಕೇಳಲಿಲ್ಲ. ಈ ವಾರ ಕೂತು ಜೋಡಿಸಿದೆ. ನೀನು ಕೊಟ್ಟ ಚಿಮಟದಲ್ಲಲ್ಲ, ಅಪ್ಪನ ಚಿಮಟದಲ್ಲಿ. ನೀನು ನೆಲದಿಂದ ಹೆಕ್ಕಿ ಕೊಟ್ಟ ಸ್ಕ್ರೂ ಇದರೊಳಗೆ ಇದೆ. ಒಂದೇ ಸಲಕ್ಕೆ ಕೂತಿತು. ಬಸ್ಸು ಹೋಗುತ್ತಿತ್ತು, ಮೇಲೆ ಯಾರೋ ಮೆಟ್ಟಿಲು ಹತ್ತುತ್ತಿದ್ದರು, ಆದರೂ ಕೂತಿತು. ಇನ್ನು ಇದಕ್ಕೆ ಕಾಯಿಲೆ ಬರಿಸಬೇಡ. ಅಂಗಡಿಗೆ ಬರಬೇಕು ಅನ್ನಿಸಿದರೆ ಹಾಗೇ ಬಾ, ನೆಪ ಬೇಡ.

ಇನ್ನೊಂದೇ ಮಾತು. ಈ ದಿನ ನಾನು ಹಾಕಿಕೊಂಡಿರುವ ಅಂಗಿಗೆ ನಿಜವಾದ ಗುಂಡಿಗಳಿವೆ. ಮನೆಯವಳು ನಿನ್ನೆ ಕುಳಿತು ಒತ್ತುವ ಗುಂಡಿ ಕಿತ್ತು ಹಳೆಯವನ್ನು ಹೊಲಿದಳು. ಒಂದನ್ನೂ ಎಸೆದಿರಲಿಲ್ಲ ಪುಣ್ಯಾತ್ಗಿತ್ತಿ, ಎಲ್ಲ ತೆಗೆದಿಟ್ಟಿದ್ದಳು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಒಂದೊಂದನ್ನೇ ನಾನೇ ಹಾಕಿಕೊಂಡೆ. ಕೊನೆಯದಕ್ಕೆ ಬರುವಷ್ಟರಲ್ಲಿ ಬಂದು ನನ್ನ ಕೈ ತಡೆದಳು. ಇದೂ ನನಗೆ ಬರುತ್ತದೆ ಕಣೇ ಅಂದೆ. "ಬರುತ್ತೆ ಅಂತ ಗೊತ್ತು. ಅದೊಂದು ನನಗಿರಲಿ" ಅಂದಳು. ಬಿಟ್ಟುಕೊಟ್ಟೆ.

ಕರೆದ ಆಸ್ಪತ್ರೆಯವರಿಗೆ, ಕತ್ತು ನೋಡಿದ ಡಾಕ್ಟರಿಗೆ, ಮೇಜಿನ ಮೇಲೆ ಕೈ ಇಟ್ಟ ಈ ಮಗಳಿಗೆ, ಇಷ್ಟು ಹೊತ್ತು ಹಸಿವು ತಡೆದುಕೊಂಡ ನಿಮಗೆಲ್ಲ ನನ್ನ ಧನ್ಯವಾದ. ಕಳೆದ ವರ್ಷ ಈ ಹೊತ್ತಿಗೆ ನನ್ನ ಬಲಗೈ ಎಡಗೈಯನ್ನು ಸರಿಯಾಗಿ ಮುಟ್ಟಲು ತಡಕಾಡುತ್ತಿತ್ತು. ಈಗ ನೋಡಿ, ಬೆರಳಿಗೆ ಬೆರಳು ಕೂಡಿದೆ. ಈ ಎರಡೂ ಕೈಯಿಂದ, ಎಲ್ಲರಿಗೂ ನಮಸ್ಕಾರ.